ಶ್ರೀ ಎ. ಕೆ. ರಾಮಾನುಜನ್ನರ ಸಮುದ್ರಯಾನ

1959ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಮೈಸೂರಿನವರಾದ ಅಧ್ಯಾಪಕರೊಬ್ಬರು ಬೊಂಬಾಯಿಯ ಬಂದರಿನಲ್ಲಿ ಹಡಗನ್ನೇರಿ ಅಮೆರಿಕಾ ದೇಶಕ್ಕೆ ವಿದ್ಯಾರ್ಥಿಯಾಗಿ ಹೊರಟರು. ವಿದ್ಯಾರ್ಥಿ ಎಂದ ಮಾತ್ರಕ್ಕೆ ವಾಚಕರು ಮೀಸೆ ಚಿಗುರುತ್ತಿರುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಾರದು. ಅವರಿಗೆ ಆಗಲೇ ಮೂವತ್ತು ವರ್ಷ ತುಂಬಿತ್ತು. ಊರೂರು ತಿರುಗಿ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿ ಬಂದಿದ್ದರು. ಅಷ್ಟಾದ ಮೇಲೆ ಪುನಃ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಸಮುದ್ರಗಳಾಚೆಗೆ ಹೋಗಿ, ಬೆಂಚಿನ ಮೇಲೆ ಕುಳಿತು ಕಲಿಯಬೇಕೆಂಬ ಮನಸ್ಸು ಎಲ್ಲರಿಗೂ ಬರುವಂಥದಲ್ಲ. ಅವರೇ ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್.

ರಾಮಾನುಜನ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಗಣಿತಶಾಸ್ತ್ರಜ್ಞರಾದ ಶ್ರೀನಿವಾಸ ರಾಮಾನುಜನ್ನರೇ ನೆನಪಿಗೆ ಬರುತ್ತಾರೆ. ಅವರೂ ಹಡಗು ಹತ್ತಿದವರೇ. 1914ರ ಮಾರ್ಚಿಯಲ್ಲಿ ಮದರಾಸಿನಿಂದ ಹೊರಟು ಕೇಂಬ್ರಿಜ್ ಸೇರಿದರು. 1919ರಲ್ಲಿ ರೋಗಿಷ್ಠರಾಗಿ ಮರಳಿ, ಮರುವರ್ಷವೇ ತೀರಿಕೊಂಡರು. ಅವರ ಕಾಲಕ್ಕೆ ಸಮುದ್ರ ದಾಟುವುದೇ ಒಂದು ಮೈಲಿಗೆ. ನಮ್ಮ ಮೈಸೂರಿನ ರಾಮಾನುಜನ್ನರ ಕಾಲಕ್ಕೆ ಆ ಅಡ್ಡಿ ಬಹುಮಟ್ಟಿಗೆ ಹೋಗಿತ್ತು. ದುಡ್ಡಿನ ಅಡ್ಡಿ ಮಾತ್ರ ಉಳಿದಿತ್ತು.

ಶ್ರೀ ಎ. ಕೆ. ರಾಮಾನುಜನ್ನರು 1929ನೆಯ ಮಾರ್ಚಿ 16ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಅತ್ತಿಪಟ್ ಅಸೂರಿ ಕೃಷ್ಣಸ್ವಾಮಿಯವರು ಗಣಿತದ ಪ್ರಾಧ್ಯಾಪಕರು, ಖಗೋಳಶಾಸ್ತ್ರಜ್ಞರು, ಅದರ ಜೊತೆಗೆ ಜ್ಯೋತಿಷಿಗಳು. ಮನೆಗೆ ದೂರದೇಶದ ಗಣಿತಜ್ಞರೂ ಬರುತ್ತಿದ್ದರು, ಪಂಚಾಂಗ ಹಿಡಿದ ಪಂಡಿತರೂ ಬರುತ್ತಿದ್ದರು. ಪಂಚೆಯುಟ್ಟು, ಪೇಟ ಸುತ್ತಿ, ಕಾಲಿಗೆ ಪಾಶ್ಚಾತ್ಯರ ಬೂಟು ಹಾಕುತ್ತಿದ್ದ ತಂದೆಯವರಲ್ಲಿ ಈ ಎರಡು ವಿದ್ಯೆಗಳೂ ಜಗಳವಿಲ್ಲದೆ ಬಾಳುತ್ತಿದ್ದುದು ಹರೆಯದ ಮಗನಿಗೆ ಒಗಟಾಗಿ ತೋರಿತು. ಈ ಒಗಟನ್ನು ಅವರು ಕೊನೆಯವರೆಗೂ ಬಿಡಲಿಲ್ಲ; ಭಾರತೀಯರ ಆಲೋಚನಾಕ್ರಮವನ್ನು ಕುರಿತ ಅವರ ಪ್ರಸಿದ್ಧ ಪ್ರಬಂಧದಲ್ಲಿ ಈ ತಂದೆಯವರ ಚಿತ್ರವೂ ಬರುತ್ತದೆ.

ಆ ಮನೆಯಲ್ಲಿ ಭಾಷೆಗಳಿಗೂ ಒಂದೊಂದು ಅಂತಸ್ತಿತ್ತು. ಮಹಡಿಯ ಮೇಲೆ ತಂದೆಯವರ ಓದುವ ಕೊಠಡಿ, ಅಲ್ಲಿ ಇಂಗ್ಲಿಷು. ಕೆಳಗೆ ಅಡಿಗೆಮನೆ, ಅಲ್ಲಿ ತಾಯಿ, ಅಜ್ಜಿಯರ ತಮಿಳು. ಬಾಗಿಲಾಚೆ ಬೀದಿ; ಅಲ್ಲಿ ಕನ್ನಡ. ಬಾಲಕನು ದಿನಕ್ಕೆ ಹತ್ತಾರು ಸಲ ಮೆಟ್ಟಿಲು ಹತ್ತಿ ಇಳಿಯುತ್ತ, ಹೊಸ್ತಿಲು ದಾಟುತ್ತ, ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗಿಬರುತ್ತಿದ್ದನು. ರಾತ್ರಿ ಮಕ್ಕಳಿಗೆ ಕೈತುತ್ತು ಹಾಕುವಾಗ ಹಿರಿಯ ಹೆಂಗಸರು ಹೇಳುತ್ತಿದ್ದ ಕಥೆಗಳು ತಮಿಳಿನವು. ಪಠ್ಯಪುಸ್ತಕವಿಲ್ಲದ, ಪರೀಕ್ಷೆಯಿಲ್ಲದ ಈ ಪಾಠಶಾಲೆಯಲ್ಲಿ ಅವರು ಕಲಿತದ್ದು ಮುಂದೆ ಸಾವಿರಾರು ಮೈಲಿಗಳಾಚೆ ಕೆಲಸಕ್ಕೆ ಬಂದಿತು.

ಇದನ್ನು ಓದಿದಾಗ ನನಗೆ ನಮ್ಮ ಊರು ನೆನಪಾದುದರಲ್ಲಿ ಆಶ್ಚರ್ಯವಿಲ್ಲ. ನನ್ನದು ಪಾವಗಡ ತಾಲ್ಲೂಕಿನ ನಾಗಲಮಡಿಕೆ. ಉತ್ತರ ಪಿನಾಕಿನಿಯ ದಡದಲ್ಲಿರುವ ಈ ಗ್ರಾಮವನ್ನು ಅಂತ್ಯ ಸುಬ್ರಹ್ಮಣ್ಯಕ್ಷೇತ್ರವೆಂದು ದೂರದವರೂ ಬಲ್ಲರು. ಷಷ್ಠಿಯ ಜಾತ್ರೆಯಲ್ಲಿ ಎರಡು ರಾಜ್ಯಗಳ ಜನ ಸೇರುತ್ತಾರೆ. ನಮ್ಮ ತಾಲ್ಲೂಕಿಗೆ ಮೂರು ಕಡೆಯೂ ಆಂಧ್ರವೇ. ಪುಸ್ತಕದಲ್ಲಿ ಪಿನಾಕಿನಿಯಾದ ಹೊಳೆ ನಮ್ಮ ಮನೆಯಲ್ಲಿ ಪೆನ್ನೇರು. ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಇವೆರಡರ ನಡುವೆ ನಡೆಯುವ ವಿನೋದಕ್ಕೆ ಒಂದೇ ಉದಾಹರಣೆ ಸಾಕು: ಕನ್ನಡದ ಹಳ್ಳಿಗಳಲ್ಲಿ ಅವ್ವ ಎಂದರೆ ತಾಯಿ, ನಮ್ಮ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ನಾನು ಮೊದಲನೆಯ ತರಗತಿಯಲ್ಲಿ ನನ್ನ ಅವ್ವನಿಗೆ ಎಪ್ಪತ್ತು ವರ್ಷವೆಂದು ಹೇಳಿ ಇಡೀ ತರಗತಿಯನ್ನು ನಗಿಸಿದ್ದುಂಟು. ಆ ನಗೆ ಮಕ್ಕಳ ನಗೆ, ಅದರಲ್ಲಿ ನೋವಿರಲಿಲ್ಲ. ಹೋದ ವರ್ಷ ಬೇರೊಂದು ಊರಿನ ಭಾಷಣ ಸ್ಪರ್ಧೆಯಲ್ಲಿ ನನ್ನ ಉಚ್ಚಾರಣೆಯನ್ನು ಕೇಳಿ, ಇವರು ಗಡಿಯಾಚೆಯವರೋ ಈಚೆಯವರೋ ಎಂದು ತೀರ್ಪುಗಾರರೊಬ್ಬರು ಎಲ್ಲರೆದುರಿಗೆ ವಿಚಾರಿಸಿದರು. ಅದು ಬೇರೆ ಬಗೆಯ ನಗೆ. ನನ್ನ ವಂಶದಲ್ಲಿ ಪದವಿಯವರೆಗೆ ಓದಿದವರು ನನಗಿಂತ ಮುಂಚೆ ಯಾರೂ ಇಲ್ಲ; ಸಭೆಯಲ್ಲಿ ನಿಂತು ಮಾತನಾಡಿದವರೂ ಇಲ್ಲ. ಮಾತು ಬಾಯಲ್ಲೇ ನಿಂತಿತು. ಆ ಬಳಿಕ ಗ್ರಂಥಾಲಯದಲ್ಲಿ ರಾಮಾನುಜನ್ನರ ಜೀವನವೃತ್ತಾಂತ ಕೈಗೆ ಸಿಕ್ಕಿತು. ಇರಲಿ, ಕಥೆಗೆ ಬರೋಣ.

ಮಹಾರಾಜಾ ಕಾಲೇಜಿನಲ್ಲಿ ಅವರು ಮೊದಲು ಸೇರಿದ್ದು ವಿಜ್ಞಾನಕ್ಕೆ. ಮಗನ ಬುದ್ಧಿ ಗಣಿತಕ್ಕೆ ಒಗ್ಗುವುದಲ್ಲವೆಂದು ಗಣಿತದ ಪ್ರಾಧ್ಯಾಪಕರಾದ ತಂದೆಯವರೇ ಕಂಡುಕೊಂಡು, ಇಂಗ್ಲಿಷ್ ಸಾಹಿತ್ಯಕ್ಕೆ ಬದಲಾಯಿಸಿಕೊಳ್ಳುವಂತೆ ಒಪ್ಪಿಸಿದರಂತೆ. ಇಂದಿನ ತಂದೆತಾಯಿಗಳು ಮಾಡುವುದು ಇದಕ್ಕೆ ತಿರುಗುಮುರುಗು ಎಂಬುದನ್ನು ನಮ್ಮ ಕಲಾ ಕಾಲೇಜಿನ ಗೆಳೆಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. 1949ರಲ್ಲಿ ಆನರ್ಸ್, 1950ರಲ್ಲಿ ಎಂ. ಎ. ಪದವಿಗಳಾದವು. ಅನಂತರ ಕೊಲ್ಲಂ, ಮದುರೆ, ಬೆಳಗಾವಿ, ಬರೋಡಗಳಲ್ಲಿ ಅಧ್ಯಾಪಕ ವೃತ್ತಿ.

ಇವುಗಳಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನ ವರ್ಷಗಳು ಮುಖ್ಯವಾದುವು. ಇಂಗ್ಲಿಷ್ ಮೇಷ್ಟರು ಬಿಡುವಾದಾಗಲೆಲ್ಲ ಉತ್ತರ ಕರ್ನಾಟಕದ ಮುದುಕಿಯರ ಬಳಿ ಕುಳಿತು ಕಥೆಗಳನ್ನು ಬರೆದುಕೊಳ್ಳತೊಡಗಿದರು. ಗಾದೆಗಳನ್ನು ಕೂಡಿಸಿ 1955ರಲ್ಲಿ ಕನ್ನಡದಲ್ಲಿ ಪುಸ್ತಕವನ್ನೂ ಹೊರತಂದರು. ಹಂಚಿ ಎಂಬ ಹುಡುಗಿಯ ಕಥೆ ಅವರು ಹೀಗೆ ಸಂಗ್ರಹಿಸಿದ ಕನ್ನಡ ಕಥೆಗಳಲ್ಲೊಂದು: ಕೆಟ್ಟ ಕಣ್ಣಿನಿಂದ ಪಾರಾಗಲು ಆ ಹೊಂಗೂದಲಿನ ಚೆಲುವೆ ಮುಖಕ್ಕೆ ಮಣ್ಣಿನ ಮುಖವಾಡವನ್ನು ಧರಿಸಿ ಬದುಕುತ್ತಾಳೆ, ಹಂಚನ್ನು ಹೊತ್ತವಳಾದ್ದರಿಂದ ಹಂಚಿ. ಯೂರೋಪಿನ ಮಕ್ಕಳೆಲ್ಲ ಬಲ್ಲ ಸಿಂಡರೆಲಾ ಎಂಬ ಬೂದಿಗುಡ್ಡೆಯ ಹುಡುಗಿಗೆ ಇವಳು ತಂಗಿಯಾಗಬೇಕು. ಆದರೆ ಈ ಅಕ್ಕತಂಗಿಯರ ನಂಟನ್ನು ಸರಿಯಾಗಿ ತೋರಿಸಿಕೊಡಬೇಕಾದರೆ ಶಾಸ್ತ್ರವೊಂದು ಬೇಕು. ಅದನ್ನು ಅರಸಿ ಅವರು 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿಗೆ ಭಾಷಾವಿಜ್ಞಾನ ಕಲಿಯಲು ಹೋದರು. ಅಲ್ಲಿಂದ ಮುಂದಿನ ಮೆಟ್ಟಿಲು ಅಮೆರಿಕಾ.

ಈಗ ದುಡ್ಡಿನ ವಿಷಯ. ಆ ವರ್ಷಗಳಲ್ಲಿ ನಮ್ಮ ದೇಶದಲ್ಲಿ ವಿದೇಶಿ ವಿನಿಮಯಕ್ಕೆ ತೀವ್ರ ಅಭಾವವಿತ್ತು. 1957-58ರ ಮುಗ್ಗಟ್ಟಿನಿಂದ ಸರ್ಕಾರ ಡಾಲರು ಪೌಂಡುಗಳನ್ನು ಎಣಿಸಿ ಎಣಿಸಿ ಕೊಡುತ್ತಿತ್ತು. ಮೇಷ್ಟರೊಬ್ಬರು ಸ್ವಂತ ಖರ್ಚಿನಲ್ಲಿ ಅಮೆರಿಕಾಕ್ಕೆ ಹೋಗುವುದು ಕನಸಿನ ಮಾತು. ಅವರಿಗೆ ದೊರೆತದ್ದು ಫುಲ್‌ಬ್ರೈಟ್ ಮತ್ತು ಸ್ಮಿತ್-ಮಂಟ್ ವಿದ್ಯಾರ್ಥಿವೇತನ. ಇದರ ಹುಟ್ಟು ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕಾದ ಸೈನ್ಯದ ಸಾಮಾನು ಸರಂಜಾಮುಗಳು ಲೋಕದ ನಾನಾ ದೇಶಗಳಲ್ಲಿ ರಾಶಿ ಬಿದ್ದಿದ್ದವು. ಅವನ್ನು ಅಲ್ಲಲ್ಲೇ ಮಾರಿ, ಬಂದ ಆಯಾ ದೇಶದ ಹಣವನ್ನು ವಿದ್ಯಾರ್ಥಿಗಳ ವಿನಿಮಯಕ್ಕೆ ವೆಚ್ಚಮಾಡಬಹುದೆಂದು ಸೆನೆಟರ್ ಫುಲ್‌ಬ್ರೈಟರು 1946ರಲ್ಲಿ ಕಾನೂನು ಮಾಡಿಸಿದರು. ಭಾರತದೊಡನೆ ಒಪ್ಪಂದವಾದದ್ದು 1950ರಲ್ಲಿ. ಯುದ್ಧದ ಹಳೆಯ ಸಾಮಾನು ಮಾರಿದ ದುಡ್ಡು ಮಕ್ಕಳ ಓದಿಗೆ ಬಂದಿತೆಂದರೆ, ಲೋಕದಲ್ಲಿ ಇಂಥ ವ್ಯಾಪಾರಗಳು ಇನ್ನಷ್ಟು ನಡೆಯಬಾರದೇ ಎನ್ನಿಸುತ್ತದೆ.

ಇಂದು ಬೆಂಗಳೂರಿನಲ್ಲಿ ವಿಮಾನ ಹತ್ತಿದವರು ಮರುದಿನ ಅಮೆರಿಕಾದಲ್ಲಿ ಇಳಿಯುತ್ತಾರೆ. ಅಂದಿನ ಹಡಗಿನ ಪ್ರಯಾಣ ವಾರಗಟ್ಟಲೆಯದು. ಜುಲೈ ತಿಂಗಳೆಂದರೆ ಮುಂಗಾರಿನ ಭರ; ಬೊಂಬಾಯಿ ಬಿಟ್ಟ ಹಡಗುಗಳು ಅರಬ್ಬೀ ಸಮುದ್ರದ ಏರಿಳಿತಕ್ಕೆ ಸಿಕ್ಕಿ, ಬಯಲುಸೀಮೆಯವರ ಹೊಟ್ಟೆಯೊಳಗಿನದೆಲ್ಲ ಹೊರಗೆ ಬರುವ ಕಾಲ. ಆಮೇಲೆ ಕೆಂಪು ಸಮುದ್ರದ ಬೇಗೆ. ಆಮೇಲೆ ಸೂಯೆಜ್ ಕಾಲುವೆ. ಈಜಿಪ್ತಿನ ನಾಸೆರರು 1956ರಲ್ಲಿ ಅದನ್ನು ರಾಷ್ಟ್ರೀಕರಿಸಿ, ಯುದ್ಧವೇ ನಡೆದು, ತಿಂಗಳುಗಳ ಕಾಲ ಮುಚ್ಚಿಹೋಗಿ, 1957ರಲ್ಲಿ ಮತ್ತೆ ತೆರೆದ ಮಾರ್ಗ. ಅದನ್ನು ದಾಟಿದರೆ ಮೆಡಿಟರೇನಿಯನ್, ಯೂರೋಪು; ಕೊನೆಗೆ ಅಟ್ಲಾಂಟಿಕ್ ಮಹಾಸಾಗರ. ಹಡಗು ಪಶ್ಚಿಮಕ್ಕೆ ಸಾಗಿದಂತೆಲ್ಲ ಪ್ರಯಾಣಿಕರು ಗಡಿಯಾರದ ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸುತ್ತ ಹೋಗಬೇಕು. ಊರಿನ ಹೊತ್ತು ಹೀಗೆ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಜಾರುವುದರಿಂದ, ದೂರ ಎಷ್ಟೆಂಬುದು ಮೈಗೇ ತಿಳಿಯುತ್ತದೆ. ರಾಮಾನುಜನ್ನರು ಬೊಂಬಾಯಿಯಿಂದ ನ್ಯೂಯಾರ್ಕಿನವರೆಗಿನ ಈ ಯಾತ್ರೆಯ ದಿನಚರಿಯನ್ನು ಬರೆದಿಟ್ಟರು. ಅದು ಅರುವತ್ತು ವರ್ಷಗಳ ಕಾಲ ಕಾಗದಗಳ ನಡುವೆಯೇ ಇದ್ದು, ಅವರು ಗತಿಸಿ ಎಷ್ಟೋ ಕಾಲವಾದ ಮೇಲೆ, 2019ರಲ್ಲಿ ಅವರ ಇತರ ದಿನಚರಿಗಳೊಡನೆ ಗ್ರಂಥರೂಪದಲ್ಲಿ ಬೆಳಕು ಕಂಡಿತು. ತನ್ನ ಕಣ್ಣ ಮುಂದೆ ನಡೆಯುತ್ತಿರುವುದು ಬರೆದಿಡತಕ್ಕದ್ದೆಂದು ಬಗೆದವರಿಗೆ ಮಾತ್ರ ಇಂಥ ಅಭ್ಯಾಸವಿರುತ್ತದೆ.

ನ್ಯೂಯಾರ್ಕ್ ಬಂದರಿಗೆ ಬರುವ ಹಡಗುಗಳಿಗೆ ಮೊದಲು ಎದುರಾಗುವವಳು ಪಂಜು ಹಿಡಿದು ನಿಂತ ಸ್ವಾತಂತ್ರ್ಯದೇವತೆ. ಅನಂತರ ಎದುರಾಗುವುದು ಸರ್ಕಾರದ ಕಾಗದ. ಅಂದಿನ ಕಾನೂನಿನ ಮೇರೆಗೆ ಅಮೆರಿಕಾದಲ್ಲಿ ನೆಲಸಲು ಭಾರತೀಯರಿಗಿದ್ದ ಪಾಲು ವರ್ಷಕ್ಕೆ ಕೇವಲ 100. ವಿದ್ಯಾರ್ಥಿಗಳ ಲೆಕ್ಕ ಬೇರೆ. 1965ರಲ್ಲಿ ಆ ಕಾನೂನು ಬದಲಾಗುವವರೆಗೂ ಅಲ್ಲಿ ನಮ್ಮವರು ತೀರ ವಿರಳ. ಮೊದಲ ದಿನ ಆ ನೆಲದ ಮೇಲೆ ಕಾಲಿಟ್ಟ ಯಾವ ಭಾರತೀಯನಿಗಾದರೂ ಬಲಗಡೆ ಓಡುವ ವಾಹನಗಳು ಗಾಬರಿ ಹುಟ್ಟಿಸುತ್ತವೆ. ದೀಪ ಹೊತ್ತಿಸಲು ಗುಂಡಿಯನ್ನು ಕೆಳಕ್ಕಲ್ಲ, ಮೇಲಕ್ಕೆ ಒತ್ತಬೇಕು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿದ್ದರೆ ಊರಿನಲ್ಲಿ ರಾತ್ರಿ ಊಟ ಮುಗಿದು ಪಾತ್ರೆ ತೊಳೆದಾಗಿರುತ್ತದೆ. ಇವೆಲ್ಲ ಒಂದು ವಾರದಲ್ಲಿ ರೂಢಿಯಾಗುವ ಸಂಗತಿಗಳು. ರೂಢಿಯಾಗದೆ ಉಳಿಯುವುದು ಹೆಸರು. ಅಲ್ಲಿನ ಕಾಗದಗಳು ಮನೆತನದ ಹೆಸರೊಂದನ್ನು ಕೇಳುತ್ತವೆ. ನಮ್ಮಲ್ಲಿ ಊರಿನ ಹೆಸರು ಮೊದಲು, ತಂದೆಯ ಹೆಸರು ಆಮೇಲೆ, ಕೊನೆಗೆ ತನ್ನ ಹೆಸರು. ಅತ್ತಿಪಟ್ ಎಂಬುದು ಊರು, ಕೃಷ್ಣಸ್ವಾಮಿ ತಂದೆ, ರಾಮಾನುಜನ್ ತಾನು. ಕೊನೆಯಲ್ಲಿರುವುದೇ ಮನೆತನವೆಂದು ತಿಳಿಯುವ ದೇಶದಲ್ಲಿ, ನಾಮಕರಣದಲ್ಲಿ ತನಗೊಬ್ಬನಿಗೇ ಇಟ್ಟ ಹೆಸರು ವಂಶದ ಹೆಸರಾಗಿ ಹೋಯಿತು. ಸ್ನೇಹಿತರು ಕರೆಯಲು ರಾಮನ್ ಎಂಬ ತುಂಡು ಉಳಿಯಿತು. ನನ್ನ ಹೆಸರಿನ ಮುಂದಿರುವ ನಾಗಲಮಡಿಕೆಯ ಮೊದಲಕ್ಷರಕ್ಕೆ ಅಲ್ಲಿ ಏನು ಗತಿಯಾದೀತೋ ಎಂದು ನಾನು ಯೋಚಿಸಿದ್ದುಂಟು.

ಅವರು ಸೇರಿದ್ದು ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಎಂಬ ಸಣ್ಣ ಪಟ್ಟಣದಲ್ಲಿರುವ ವಿಶ್ವವಿದ್ಯಾನಿಲಯವನ್ನು. ಇದು 1820ರಲ್ಲಿ ಸ್ಥಾಪಿತವಾದದ್ದು. ಸುತ್ತಲೂ ಸುಣ್ಣಕಲ್ಲಿನ ಗಣಿಗಳು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಕಲ್ಲು ಹೋದದ್ದು ಆ ಪ್ರಾಂತದಿಂದಲೇ. ಭಾಷಾವಿಜ್ಞಾನಕ್ಕೆಂದು ಹೋದವರಿಗೆ ಅಲ್ಲಿ ಇನ್ನೊಂದು ನಿಧಿಯೂ ದೊರೆಯಿತು. ಜಗತ್ತಿನ ಜನಪದ ಕಥೆಗಳನ್ನೆಲ್ಲ ಜಾತಿ ಜಾತಿಯಾಗಿ ವಿಂಗಡಿಸಿ ಸೂಚಿ ಮಾಡಿದ ಸ್ಟಿತ್ ತಾಮ್ಸನ್ನರ ಕರ್ಮಭೂಮಿ ಅದು. ಭಾರತದ ಕಥೆಗಳ ವರ್ಗಸೂಚಿಯನ್ನು ಅವರು ರಾಬರ್ಟ್ಸರೊಡನೆ ಪ್ರಕಟಿಸಿದ್ದು 1960ರಲ್ಲಿ, ರಾಮಾನುಜನ್ನರು ಅಲ್ಲಿದ್ದ ಕಾಲದಲ್ಲಿಯೇ. ಬೆಳಗಾವಿಯ ಕಡೆ ಮುದುಕಿಯರು ಒಲೆಯ ಮುಂದೆ ಹೇಳಿದ ಕಥೆಗಳಿಗೆ ಅಲ್ಲಿ ಲೋಕವ್ಯಾಪಿಯಾದ ಬಂಧುಬಳಗ ಕಾಣಿಸಿತು. ನಮ್ಮ ಹಂಚಿಯೂ 1982ರಲ್ಲಿ ಸಿಂಡರೆಲಾ ಕಥೆಗಳ ಅಧ್ಯಯನಗ್ರಂಥವೊಂದರಲ್ಲಿ ತನ್ನ ಅಕ್ಕಂದಿರ ಪಕ್ಕದಲ್ಲಿ ಕುಳಿತಳು.

1963ರಲ್ಲಿ ಅವರಿಗೆ ಡಾಕ್ಟರೇಟ್ ಬಂದಿತು. ಪ್ರಬಂಧದ ವಿಷಯವೇನೆಂದು ಬಲ್ಲಿರಾ? ಕನ್ನಡ ವ್ಯಾಕರಣ. ಚಾಮ್ಸ್ಕಿಯವರು 1957ರಲ್ಲಿ ಆರಂಭಿಸಿದ ಹೊಸ ಪದ್ಧತಿಯಲ್ಲಿ ಕನ್ನಡ ವಾಕ್ಯಗಳು ಹೇಗೆ ಹುಟ್ಟುತ್ತವೆಂಬುದನ್ನು ಅವರು ವಿವರಿಸಿದರು. ಮೈಸೂರಿನ ಬೀದಿಯಲ್ಲಿ ಆಡಿ ಕಲಿತ ಮಾತಿನ ಕಟ್ಟುಪಾಡನ್ನು ಕಾಣಲು ಹಡಗು ಹತ್ತಿ ಹೋಗಬೇಕಾಯಿತೆಂದರೆ ನಗೆಯೂ ಬರುತ್ತದೆ. ಆದರೆ ನಮ್ಮ ಪಾವಗಡದ ಕೋಟೆಯ ಬೆಟ್ಟ ಪೂರ್ತಿಯಾಗಿ ಕಾಣಬೇಕಾದರೆ ಊರು ಬಿಟ್ಟು ಒಂದೆರಡು ಹರದಾರಿ ಹೋಗಿ ತಿರುಗಿ ನೋಡಬೇಕು. ಬುಡದಲ್ಲಿ ನಿಂತವರಿಗೆ ಕಾಣುವುದು ಬಂಡೆ ಮಾತ್ರ.

1962ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಾಪಕರಾದರು. ಅಲ್ಲಿಗೆ ಹೋದ ಹೊಸತರಲ್ಲಿ ನಡೆದ ಪ್ರಸಂಗವೊಂದನ್ನು ಅವರೇ ಬರೆದಿದ್ದಾರೆ. ಒಂದು ಶನಿವಾರ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದು ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತಿದ್ದರು. ತಮಿಳು ಅವರ ಮನೆಮಾತು, ನಿಜ. ಆದರೆ ಹಳೆಯ ತಮಿಳನ್ನು ಅವರು ಎಂದೂ ಕಲಿತವರಲ್ಲ. ಹುಡುಕುವಾಗ ಕೈಗೆ ತಾಗಿದ್ದು ಕುಱುಂತೊಗೈ, ಸಂಗಂ ಕಾಲದ ಪ್ರೇಮಕವಿತೆಗಳ ಸಂಕಲನ. ಊರೂರು ಅಲೆದು ಓಲೆಗರಿಗಳನ್ನು ಕೂಡಿಸಿದ ಮಹಾವಿದ್ವಾಂಸರಾದ ಸ್ವಾಮಿನಾಥ ಅಯ್ಯರ್ ಅವರು 1937ರಲ್ಲಿ ಸಂಪಾದಿಸಿದ ಪ್ರತಿ. ಅಡಿಗೆಮನೆಯ ಭಾಷೆಗೆ ಎರಡು ಸಾವಿರ ವರ್ಷಗಳ ಕಾವ್ಯವಿದೆಯೆಂಬುದು ಅವರಿಗೆ ಪ್ರತ್ಯಕ್ಷವಾದದ್ದು ಮಿಚಿಗನ್ ಸರೋವರದ ದಂಡೆಯ ಊರಿನ ನೆಲಮಾಳಿಗೆಯಲ್ಲಿ. ಐದು ವರ್ಷ ಕಷ್ಟಪಟ್ಟು ಓದಿ, ಆಯ್ದ ಪದ್ಯಗಳನ್ನು 1967ರಲ್ಲಿ ಇಂಗ್ಲಿಷಿಗೆ ತಂದರು. ಪರಂಪರೆ ಎಂಬುದು ಹುಟ್ಟಿದವರಿಗೆಲ್ಲ ತಾನಾಗಿ ಬರುವ ಆಸ್ತಿಯಲ್ಲ, ದುಡಿದು ಪಡೆಯಬೇಕಾದದ್ದು ಎಂಬುದು ಅವರ ಅಭಿಪ್ರಾಯವಾಗಿತ್ತು. ನನ್ನ ಮನೆಮಾತು ತೆಲುಗೆಂದು ಮೇಲೆ ಹೇಳಿದೆನಷ್ಟೆ. ತೆಲುಗು ಅಕ್ಷರಗಳನ್ನು ಓದಲು ನಾನು ಕಲಿಯಲಾರಂಭಿಸಿದ್ದು ಈ ಪ್ರಸಂಗವನ್ನು ಓದಿದ ಮೇಲೆ. ಹಿಂದೂಪುರದ ಬಸ್ಸಿನ ಫಲಕ ಈಗ ನನಗೆ ಸಲೀಸು.

ಪರದೇಶದ ಓದಿನಲ್ಲಿ ಲಾಭವೊಂದೇ ಇದೆಯೆಂದು ಅವರು ಎಲ್ಲಿಯೂ ಹೇಳಲಿಲ್ಲ. ಕನ್ನಡದಲ್ಲಿ ಅವರು ಬರೆದ ಅಣ್ಣಯ್ಯನ ಮಾನವಶಾಸ್ತ್ರ ಎಂಬ ಸಣ್ಣ ಕಥೆಯನ್ನು ಓದಿದವರು ಇದನ್ನು ಮರೆಯಲಾರರು. ಮೈಸೂರು ಸೀಮೆಯ ಅಣ್ಣಯ್ಯ ಷಿಕಾಗೋದಲ್ಲಿ ಓದುತ್ತಾನೆ. ಊರಿನಲ್ಲಿದ್ದಾಗ ತಾತ್ಸಾರ ಮಾಡಿದ್ದ ತನ್ನವರ ಆಚಾರವಿಚಾರಗಳನ್ನು ಅಲ್ಲಿನ ಗ್ರಂಥಾಲಯದಲ್ಲಿ ಅಮೆರಿಕನ್ನರ ಪುಸ್ತಕಗಳಿಂದ ಆಸ್ಥೆಯಿಂದ ಕಲಿಯತೊಡಗುತ್ತಾನೆ. ಒಂದು ದಿನ ಹಿಂದೂಗಳ ಅಪರಕರ್ಮವನ್ನು ವಿವರಿಸುವ ಪುಸ್ತಕದ ಪುಟ ತಿರುಗಿಸಿದಾಗ, ಅದರ ಚಿತ್ರಗಳಲ್ಲಿ ಕಾಣುವುದು ತನ್ನ ಮನೆ, ತನ್ನ ತಂದೆಯ ಹೆಣ, ವಿಧವೆಯಾಗಿ ತಲೆ ಬೋಳಿಸಿಕೊಂಡು ಕುಳಿತ ತನ್ನ ತಾಯಿ. ಓದು ಕೆಡಬಾರದೆಂದು ಮನೆಯವರು ಸಾವನ್ನು ಅವನಿಂದ ಮುಚ್ಚಿಟ್ಟಿದ್ದರು. ಈ ಕಥೆಯನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ನಮ್ಮ ತಂದೆಯವರು ಕಡಲೆಕಾಯಿ ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸಿ, ಹಾಗೆ ಮುಚ್ಚಿಟ್ಟದ್ದೇ ಸರಿ ಎಂದರು. ನಾನು ತಪ್ಪೆಂದೆ. ಎಂ. ಎ. ಓದಲು ನಾನು ಮೈಸೂರಿಗೆ ಹೋಗುವ ಮಾತು ನಡೆದಿರುವುದರಿಂದ ನಮ್ಮಿಬ್ಬರಲ್ಲಿ ಈ ವಾದ ಇನ್ನೂ ತೀರಿಲ್ಲ.

ಉಳಿದ ಸಂಗತಿಗಳು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದವೇ. ಇಂಗ್ಲಿಷ್ ಕವಿತೆಗಳ ಮೊದಲ ಸಂಕಲನ 1966ರಲ್ಲಿ. ಕನ್ನಡದಲ್ಲಿ ಹೊಕ್ಕುಳಲ್ಲಿ ಹೂವಿಲ್ಲ 1969ರಲ್ಲಿ. ದಾಸಿಮಯ್ಯ, ಬಸವಣ್ಣ, ಮಹಾದೇವಿಯಕ್ಕ, ಅಲ್ಲಮಪ್ರಭುಗಳ ವಚನಗಳನ್ನು 1973ರಲ್ಲಿ ಇಂಗ್ಲಿಷಿಗೆ ತಂದು, ವಚನಕಾರರ ಕನ್ನಡವನ್ನು ಲೋಕದ ಓದುಗರ ಮುಂದಿಟ್ಟರು. ಅನಂತಮೂರ್ತಿಯವರ ಸಂಸ್ಕಾರದ ಅನುವಾದ 1976ರಲ್ಲಿ. ಅದೇ ವರ್ಷ ಪದ್ಮಶ್ರೀ. ಬಿರುದು ಬಹುಮಾನಗಳ ಪಟ್ಟಿಯನ್ನು ಬೆಳೆಸುವುದರಲ್ಲಿ ನನಗೆ ಆಸಕ್ತಿಯಿಲ್ಲ. 1993ನೆಯ ಜುಲೈ 13ರಂದು ಷಿಕಾಗೋದಲ್ಲಿ, ಶಸ್ತ್ರಚಿಕಿತ್ಸೆಗೆಂದು ಮಂಪರು ಔಷಧ ಕೊಟ್ಟಾಗ, ಅವರು ಮತ್ತೆ ಏಳಲಿಲ್ಲ. ವಯಸ್ಸು ಅರುವತ್ತನಾಲ್ಕು. ಹಡಗು ಹತ್ತಿದ ಜುಲೈಗೆ ಅಂದಿಗೆ ಮೂವತ್ತನಾಲ್ಕು ವರ್ಷ.

ಅವರು ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ಹೂಬಿಡುವ ಮರವಾಗುವ ಹುಡುಗಿಯ ಕಥೆಯೊಂದಿದೆ. ಬಡವಿಯ ಮಗಳು, ಅಕ್ಕ ಒಂದು ಕೊಡ ನೀರನ್ನು ಮೈಮೇಲೆ ಸುರಿದರೆ ಮರವಾಗುತ್ತಾಳೆ, ಹೂ ಬಿಡಿಸಿಕೊಂಡು ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಹೂ ಬಿಡಿಸುವಾಗ ಕುಡಿ ಚಿವುಟಬಾರದು, ಎಲೆ ಹರಿಯಬಾರದು. ಮುಂದೆ ಅರಮನೆಯ ಹುಡುಗಿಯರು ಅಜಾಗರೂಕತೆಯಿಂದ ಕೊಂಬೆಗಳನ್ನು ಮುರಿದುಹಾಕಿ, ಅವಳು ಕೈಕಾಲಿಲ್ಲದೆ ಅರೆಜೀವವಾಗಿ ಬಿದ್ದಿರಬೇಕಾಗುತ್ತದೆ. ಜಾನ್ ಆಡಮ್ಸ್ ಎಂಬ ಅಮೆರಿಕನ್ ಸಂಗೀತಗಾರರು ಈ ಕಥೆಯನ್ನು ಆಪೆರಾ ಎಂಬ ಗೀತನಾಟಕವಾಗಿ ರಚಿಸಿದರು. 2006ರ ನವೆಂಬರಿನಲ್ಲಿ ಯೂರೋಪಿನ ವಿಯೆನ್ನಾ ನಗರದಲ್ಲಿ ಅದರ ಪ್ರಥಮ ಪ್ರದರ್ಶನವಾಯಿತು.

ಕಳೆದ ಬೇಸಿಗೆ ರಜದಲ್ಲಿ ಈ ಕಥೆಯನ್ನು ನಾನು ಅವ್ವನಿಗೆ ತೆಲುಗಿನಲ್ಲಿ ಹೇಳಿದೆ. ವಿಯೆನ್ನಾದ ವಿಷಯಕ್ಕೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ದಿನಕ್ಕೆ ಎರಡು ಕೊಡವೆಂದರೆ ಬಾವಿ ಎಷ್ಟು ದೂರವಿತ್ತು, ಹೊತ್ತು ತಂದವರು ಯಾರು ಎಂದು ಕೇಳಿದಳು. ಪುಸ್ತಕದಲ್ಲಿ ನೀರು ತರುವ ಮಾತು ಬರುತ್ತದೆಯೇ ಹೊರತು ಬಾವಿಯ ದೂರವನ್ನು ಹೇಳಿಲ್ಲ. ಹಾಗಾದರೆ ಹೇಳಿದವಳಿಗೆ ಕಥೆ ಪೂರ್ತಿಯಾಗಿ ಬರುತ್ತಿರಲಿಲ್ಲವೆಂದು ತೀರ್ಪು ಕೊಟ್ಟು, ತನಗೆ ಗೊತ್ತಿದ್ದ ಬೇರೊಂದು ಕಥೆಯನ್ನು ಮೊದಲಿನಿಂದ ಶುರುಮಾಡಿದಳು. ಅದರಲ್ಲಿ ಬಾವಿ ಪೆನ್ನೇರಿನ ಆಚೆ ದಡದಲ್ಲಿದೆ. ನೂರು ಪುಟದ ನೋಟುಪುಸ್ತಕದಲ್ಲಿ ಅದು ಈಗ ಹದಿನೇಳನೆಯ ಪುಟಕ್ಕೆ ಬಂದಿದೆ.